ನಡುವಿನಿಂದ ಕೊಡುವ ಕರೆಂಟು

ಬೆಂಗ್ರೆ,
೨೧ ಫೆಬ್ರವರಿ ೨೦೨೫

ಪುಳ್ಳಿ ಮಾನ್ಯಾ,

ಊಟ ಸರಿಯಾಗಿ ಮಾಡುತ್ತೀಯಾ? ನಿನ್ನ ಅಜ್ಜ ನಾನು ಗಟ್ಟಿಯಾಗಿದ್ದೇನೆ, ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನೀನು ಸಿಟ್ಟು ಮಾಡಿಕೊಂಡು ಹೊಳೆಯಾಚೆ ಪೇಟೆಗೆ, ಕೊಟ್ಟಾರದ ರೂಮಿಗೆ ಹೋಗಿ ಹದಿನೈದು ದಿನವಾಯಿತು. ಫೋನ್ ಎತ್ತುವುದಿಲ್ಲ. ಬರೆಯಲು ಕುಳಿತಾಗಲೆಲ್ಲ ನನ್ನ ತಪ್ಪೇ ಮೊದಲ ಸಾಲಿಗೆ ಬರುತ್ತಿತ್ತು, ಕಾಗದ ಹರಿದು ಹಾಕುತ್ತಿದ್ದೆ. ಅದಕ್ಕೇ ತಡ. ನಾವು ಮಾಡಿದ ಕಂಪ್ಯೂಟರ್ ಚಿಪ್ ಕೆಲಸ ಮಾಡಲಿಲ್ಲ, ರಾಜೀನಾಮೆ ಕೊಟ್ಟೆ ಎಂದೆಯಲ್ಲ, ತಲೆ ಕೆಟ್ಟಿತು. ಆದರೂ ಊಟಕ್ಕೆ ಬಂದ ನೆಂಟರ ಎದುರು "ಇಷ್ಟು ಓದಿ ಒಂದು ಕರೆಂಟು ಕೊಡ್ಲಿಕ್ಕೆ ಬರುದಿಲ್ವಾ ನಿಂಗೆ?" ಎಂದು ನಾನು ನಗಬಾರದಿತ್ತು.

ಮೊನ್ನೆ ನಿನ್ನ ಜೊತೆ ಕೆಲಸ ಮಾಡುವ ಐರಿನ್ ದೋಣಿ ಹತ್ತಿ ಬಂದಿದ್ದಳು, ನಿನಗೆ ಬುದ್ಧಿ ಹೇಳಬೇಕಂತೆ ನಾನು. ಬಲೆ ಸರಿಮಾಡುತ್ತಿದ್ದೆ. "ಎಂತ ಆದದ್ದು? ಇಂಗ್ಲಿಷ್ ಬೇಡ" ಎಂದೆ.

"ಅಜ್ಜ, ಆ ಚಿಪ್ ಭಯಂಕರ ಚಳಿಯಲ್ಲಿ ಇಡುದು. ಅಲ್ಲಿ ತಂತಿಯಲ್ಲಿ ಕರೆಂಟಿಗೆ ಅಡ್ಡಿಯೇ ಇಲ್ಲ. ಆದ್ರೆ ಕರೆಂಟು ಸುಮ್ಮನೆ ಹರಿದ್ರೆ ಸಾಲದು, ಸೆಕೆಂಡಿಗೆ ನೂರಾರು ಕೋಟಿ ಸಲ ಹಿಂದೆ ಮುಂದೆ ಆಗ್ಬೇಕು. ಚಿಪ್ಪಿಗೆ ಅದೇ ಶಕ್ತಿ, ಅದರ ಕೆಲಸಕ್ಕೆ ಅದೇ ತಾಳ."

"ಮತ್ತೆ ಕಷ್ಟ ಎಂತ?"

"ಒಂದು ತುದಿಯಿಂದ ಕೊಟ್ಟೆವು. ಅಲೆ ಇನ್ನೊಂದು ತುದಿಗೆ ಬಡಿದು ವಾಪಸ್ ಬಂತು. ಎರಡೂ ಸೇರಿ ಕೆಲವು ಕಡೆ ಅಬ್ಬರ, ಕೆಲವು ಕಡೆ ಎಂತದೂ ಇಲ್ಲ. ತಾಳ ಎಲ್ಲ ಕಡೆಗೆ ಒಟ್ಟಿಗೆ ಮುಟ್ಟಲೇ ಇಲ್ಲ."

ನಮ್ಮ ಕೈರಂಪಣಿ ನೆನಪಾಯಿತು. ದಡದಲ್ಲಿ ನಿಂತು ಬಲೆಯ ಎರಡು ಹಗ್ಗವನ್ನು ಎರಡು ಗುಂಪು ಎಳೆಯುತ್ತಿದ್ದೆವು. ತಾಳ ಕೂಗುವವನು ಒಂದು ಗುಂಪಿನ ಪಕ್ಕ ನಿಂತರೆ ದೂರದ ಗುಂಪಿಗೆ ಕೂಗು ತಡವಾಗಿ ಮುಟ್ಟುತ್ತಿತ್ತು. ಬಲೆ ಓರೆ, ಮೀನು ಪಾರು. "ಕೂಗುವವನನ್ನು ನಡುವಿಗೆ ನಿಲ್ಲಿಸ್ಬೇಕು ಮಾರಾಯ್ತಿ. ಅಷ್ಟೂ ಗೊತ್ತಿಲ್ವಾ ನಿಮ್ಗೆ?"

"ಮಾನ್ಯಾ ಮೊದಲೇ ಹಾಗೆ ಚಿತ್ರ ಮಾಡಿದ್ಳು ಅಜ್ಜ. ನಡುವಿನಿಂದ ಕೊಟ್ಟು, ಎಲ್ಲ ಕವಲೂ ಒಂದೇ ಉದ್ದ, ತುದಿಯಲ್ಲಿ ಅಲೆ ತಿರುಗಿ ಬಾರದ ಹಾಗೆ. ಜಾಗ ತುಂಬ ಬೇಕು ಅಂತ ನಮ್ಮ ಟೀಮಿನ ಸರ್ ಬೇಡ ಅಂದ್ರು. ಈಗ ಅವ್ರೇ ಆ ಚಿತ್ರ ಹುಡುಕ್ತಾ ಇದ್ದಾರೆ."

ಕೇಳಿದೆಯಾ? ಸೋತದ್ದು ನಿನ್ನ ಚಿತ್ರವಲ್ಲ. ಅವರು ಬೇಡವೆಂದಾಗ ಬಾಯಿ ಮುಚ್ಚಿ ಕುಳಿತೆಯಲ್ಲ, ಅದು ನಿನ್ನ ತಪ್ಪು. ರಾಜೀನಾಮೆಯನ್ನು ಸರ್ ಇನ್ನೂ ಮೇಲಕ್ಕೆ ಕಳಿಸಿಲ್ಲ, ಸೋಮವಾರದವರೆಗೆ ಕಾಯುತ್ತಾರಂತೆ. ಹೋಗು. ಈ ಸಲವೂ ಆಗದಿದ್ದರೆ ಇನ್ನೊಂದು ಚಿತ್ರ ಮಾಡು.

ನಿನ್ನ ಮಾವ ಧನರಾಜನ ಕೈಯಲ್ಲಿ ಈ ಕಾಗದದ ಜೊತೆ ಬಂಗುಡೆ ಪುಳಿಮುಂಚಿ ಕಳಿಸಿದ್ದೇನೆ. ಕಾಗದ ಓದದಿದ್ದರೂ ಮೀನು ತಿನ್ನು.

ಹಿಡಿದ ಕೆಲಸ ನಿನ್ನ ಕೈಗೆ ಒಲಿಯಲಿ.

ನಿನ್ನ ಅಜ್ಜ,
ಬೂಬ

ಇನ್ನೊಂದು ಮಾತು. ಮನೆಯ ಕಷ್ಟಕ್ಕೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ ಎಂದು ನಿಮಗೆಲ್ಲ ಹೇಳಿದ್ದು ಸುಳ್ಳು. ನನ್ನ ಭಾಗಾಕಾರ ಸರಿಯಿತ್ತು. ಮಾಸ್ಟ್ರು ತಪ್ಪೆಂದು ಹೇಳಿ ಇಡೀ ಕ್ಲಾಸನ್ನು ನಗಿಸಿದರು. ಎದ್ದು ಬಂದೆ. ಮರುದಿನ ಅವರೇ ಮನೆ ಬಾಗಿಲಿಗೆ ಬಂದು, "ನಂದೇ ತಪ್ಪು, ಬಾ ಬೂಬಾ" ಎಂದರು. ನಾನು ಹಿತ್ತಿಲಲ್ಲಿ ಕುಳಿತು ಕೇಳಿಸಿಕೊಂಡೆ, ಏಳಲಿಲ್ಲ. ಆ ಲೆಕ್ಕ ಇಂದಿಗೂ ನನಗೆ ಬರುತ್ತದೆ. ಅದರ ಮುಂದಿನ ಪಾಠ ಯಾವುದೆಂದು ಗೊತ್ತಿಲ್ಲ.