ಝರ್ಕದ ಐವರು ನಿನ್ನವರು

ನನ್ನ ಬೆಂಚಿನ ಗೆಳತಿ ನಸ್ರೀನಾ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಮೊದಲೆಲ್ಲ ಅದರ ಅಗತ್ಯವೇ ಇರಲಿಲ್ಲ. ನವನಗರದಲ್ಲಿ ನಮ್ಮ ಮನೆಗಳ ನಡುವೆ ಇದ್ದದ್ದು ಎರಡೇ ಓಣಿ. ನೀನು ಮದುವೆಯಾಗಿ ಇಳಕಲ್ಲಿಗೆ ಹೋದ ಮೇಲೆ ಫೋನಿತ್ತು. ಕೊನೆಯ ಒಂದು ವರ್ಷವೂ ಫೋನಿತ್ತು, ನಾನೇ ಮಾಡಲಿಲ್ಲ. ನೀನು ಹೋಗಿ ಹನ್ನೊಂದು ತಿಂಗಳಾದವು. ಹೇಳಬೇಕಾದದ್ದನ್ನು ಹೇಳಲು ಇಷ್ಟು ದಿನ ಬೇಕಾಯಿತು ನೋಡು.

ಎಂಟನೆಯ ತರಗತಿಯ ಆ ಸೋಮವಾರ ನೆನಪಿದೆಯಾ? ಭಾನುವಾರ ಟಿವಿಯಲ್ಲಿ ನೋಡಿದ ಕಾರ್ಟೂನಿನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಬೇರೆ ಗ್ರಹದಿಂದ ಬಂದ ಖಳರ ತಂಡವನ್ನು ನಾಯಕ ಒಬ್ಬನೇ ಹೊಡೆದು ಓಡಿಸಿದ್ದ. ಎಲ್ಲರಿಗೂ ನಾಯಕನ ಚಿಂತೆ. ನಿನಗೆ ಮಾತ್ರ ಬೇರೆ.

"ಅಷ್ಟ್ ದೂರದಿಂದ ಬಂದಾರಲ್ಲ, ಇವ್ರು ಮಕ್ಕೊಳ್ಳೂದು ಎಲ್ಲಿ? ಉಣ್ಣೂದು ಏನ?"

"ಖಳನಾಯಕರು ಎಲ್ಲೆರೆ ಉಣ್ತಾರೇನ?" ಎಂದು ನಾನು ನಕ್ಕೆ.

"ಉಣ್ಣಲಾರದ ಜಗಳಾಡಾಕ ಶಕ್ತಿ ಎಲ್ಲಿಂದ ಬರ್ತೈತಿ?"

ಆ ವಾರವೇ ನೀನು ಗಣಿತದ ನೋಟಬುಕ್ಕಿನ ಹಿಂದಿನ ಹಾಳೆಗಳಲ್ಲಿ ಐವರನ್ನು ಬರೆದು ತಂದೆ. ಕೊಡದಂಥ ತಲೆಯ ಮುಖಂಡ ಕುಂಭೋರ. ಗೋಡೆಯೊಳಗಿಂದ ತೂರಿ ಬರುವ ಅವಳಿಗಳು ಇಕ್ಕ, ಮಕ್ಕ. ಬಾಯಿ ತೆರೆದರೆ ಮಂಜು ಉಗುಳುವ ಮಬ್ಬಿ. ಸೇತುವೆಗಳನ್ನು ಕಡಿದು ತಿನ್ನುವ ಕಬ್ಬಿಣಬಾಕ. ಅವರ ಗ್ರಹ ಝರ್ಕ. ಯಾಕೆ ಬಂದರು ಎಂದು ಕೇಳಿದೆ. "ಅವರ ಗ್ರಹಾ ನೀರಾಗ ಮುಳುಗೇತಿ" ಎಂದೆ ನೀನು. ನಿಮ್ಮ ಅಜ್ಜಿ, ನಿನ್ನ ದಾದಿ, ಬಸ್ಸಿನ ಕಿಟಕಿಯಿಂದ ಆಣೆಕಟ್ಟಿನ ಹಿನ್ನೀರು ಕಂಡಾಗಲೆಲ್ಲ ಬೆರಳು ತೋರಿಸಿ, "ಅಲ್ಲೈತಿ ನಮ್ಮ ಅಡಗಿಮನಿ" ಎನ್ನುತ್ತಿದ್ದರು. ನನಗೆ ಆಗ ಎರಡನ್ನೂ ಜೋಡಿಸಿ ನೋಡುವಷ್ಟು ತಿಳಿವಳಿಕೆ ಎಲ್ಲಿತ್ತು?

"ಹಂಗಾರ ಪಾಪ, ಅವರು ಒಳ್ಳೇವ್ರ ಅಲ್ಲೇನ?" ಎಂದೆ ನಾನು.

"ಅಲ್ಲ. ಕೇಳಿದ್ರ ಯಾರೂ ಜಾಗಾ ಕೊಡಂಗಿಲ್ಲ ಅಂತ ಕಸಗೊಳ್ಳಾಕ ಬಂದಾರ. ಕೆಟ್ಟವರ. ಆದ್ರ ಕಾರಣ ಐತಿ."

ಅವರನ್ನು ಎದುರಿಸಲು ನಾನು ಸಿಡಿಲಕ್ಕನನ್ನು ತಂದೆ. ಹಗಲು ಬಸ್ಸಿನ ಕಂಡಕ್ಟರ್, ಆಪತ್ತು ಬಂದರೆ ಸಿಡಿಲು. ಅವಳೊಬ್ಬಳು ನನ್ನವಳು. ಉಳಿದಂತೆ ನಾನು ಮಾಡಿದ್ದು ನಿನ್ನ ಚಿತ್ರಗಳ ಪಕ್ಕ ಮಾತು ತುಂಬಿದ್ದು, ಅಷ್ಟೆ.

ಬಾದಾಮಿಗೆ ಶಾಲೆಯ ಪ್ರವಾಸ ಹೋದಾಗ ನೀನು ಗುಹೆಗಳನ್ನು ನೋಡಲೇ ಇಲ್ಲ. ಮೆಟ್ಟಿಲ ಮೇಲೆ ಕೂತು, ಕೆಂಪು ಬಂಡೆಯ ಯಾವ ಬಿರುಕಿನಲ್ಲಿ ಝರ್ಕದವರು ತಮ್ಮ ನೌಕೆ ಬಚ್ಚಿಡಬಹುದು ಎಂದು ಹುಡುಕಿ ಬರೆಯುತ್ತಿದ್ದೆ. ಮಂಗವೊಂದು ಬಂದು ಹಾಳೆ ಕಿತ್ತುಕೊಂಡಿತು. ಅರ್ಧ ತಿಂದು ಅರ್ಧ ಬಿಸಾಕಿತು. ನಾನು ಅಳುವ ಹಾಗಾಗಿದ್ದೆ. ನೀನು ಉಳಿದ ಚೂರನ್ನು ಎತ್ತಿ ನೋಡಿ, "ಕುಂಭೋರನ ಒಂದ ಕಿವಿ ಹೋತು. ಇನ್ನ ಮ್ಯಾಲೆ ಅಂವಗ ಒಂದ ಕಿವಿ" ಎಂದೆ. ಮುಂದೆ ಎಲ್ಲ ಚಿತ್ರಗಳಲ್ಲೂ ಅವನಿಗೆ ಒಂದೇ ಕಿವಿ.

ಮಕ್ಕಳ ಮಾಸಿಕವೊಂದಕ್ಕೆ ಕಳಿಸುವಾಗ ಹೆಸರಿನ ಚೀಟಿ ಬರೆದವಳು ನಾನು. ಅಕ್ಷರ ದುಂಡಗಿದ್ದವಲ್ಲ. "ಕಥೆ: ಶೋಭಾ. ಚಿತ್ರ: ನಸ್ರೀನ" ಎಂದು ಬರೆದೆ. ನೀನು ಓದಿ, "ಕಥಿ ನೀ ಒಬ್ಬಾಕಿನ ಮಾಡಿದ್ಯಾ?" ಎಂದೆ. ನಾನು ಉತ್ತರ ಕೊಡುವ ಮೊದಲೇ "ಇರ್ಲಿ ಬಿಡು" ಎಂದು ಲಕೋಟೆಗೆ ಅಂಟು ಹಚ್ಚಿದೆ. ಒಂಬತ್ತು ತಿಂಗಳು ನಮ್ಮ ಚಿತ್ರಕಥೆ ಬಂತು. ಒಂಬತ್ತು ಸಲವೂ ಹಾಗೆಯೇ ಅಚ್ಚಾಯಿತು. ಆಮೇಲೆ ಪರೀಕ್ಷೆ ಬಂತು, ಕಾಲೇಜು ಬಂತು. ನಾನು ಕನ್ನಡದ ಟೀಚರ್ ಆದೆ. ಇಳಕಲ್ಲಿನಲ್ಲಿ ನಿನ್ನ ಮೆಹಂದಿಗೆ ಮದುಮಕ್ಕಳು ದಿನ ಕಾದು ಕೂರತೊಡಗಿದರು.

ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಒಂದು ಫೋನು ಬಂತು. ಮೊಬೈಲಿನಲ್ಲಿ ನೋಡುವ ಕಾರ್ಟೂನು ಮಾಡುವ ಕಂಪನಿಯವರು. ಹಳೆಯ ಸಂಚಿಕೆಗಳು ಅವರ ಕೈಗೆ ಸಿಕ್ಕಿದ್ದವು. ಕಥೆಗಾರ್ತಿ ಎಂದು ನನ್ನನ್ನೇ ಹುಡುಕಿದ್ದರು. ಅವರಿಗೆ ಐವರೂ ಹಿಡಿಸಿದ್ದರು, ಅವರ ಗ್ರಹದ ಕಥೆ ಹಿಡಿಸಿರಲಿಲ್ಲ. "ಮೇಡಂ, ವಿಲನ್‌ಗಳ ಮೇಲೆ ಕನಿಕರ ಬಂದುಬಿಟ್ರೆ ಹೊಡೆದಾಟದ ಮಜಾನೇ ಹೋಗುತ್ತೆ. ಸುಮ್ನೆ ಕೆಟ್ಟವರು ಅಂತ ಇಟ್ಕೊಳ್ಳೋಣ. ಕೊನೆಗೆ ಲೀಡರ್ ಸಾಯ್ಲಿ" ಎಂದರು. ನಾನು ಒಂದು ದಿನ ಸಮಯ ಕೇಳಬಹುದಿತ್ತು. ನಿನಗೆ ಒಂದು ಫೋನು ಮಾಡಬಹುದಿತ್ತು. ತೆರೆಯ ಮೇಲೆ ನನ್ನ ಹೆಸರು ಬರುತ್ತದೆ ಎಂದರಲ್ಲ, ನನಗೆ ಬೇರೇನೂ ಕೇಳಿಸಲಿಲ್ಲ, ಒಪ್ಪಿಬಿಟ್ಟೆ. ಚಿತ್ರ ಬರೆದವರು ಯಾರೆಂದು ಅವರು ವಿಚಾರಿಸಿದಾಗ, "ಆಕೆ ಈಗ ಇದೆಲ್ಲ ಬಿಟ್ಟಿದ್ದಾಳೆ" ಎಂದೆ. ನೀನು ಬಿಟ್ಟಿದ್ದೀಯೆಂದು ನನಗೆ ಹೇಳಿದವರಾದರೂ ಯಾರು?

ನಿನ್ನ ಮಗಳು ಮುಸ್ಕಾನ್ ಆ ಕಾರ್ಟೂನು ನೋಡಿ ನಿನಗೆ ತೋರಿಸಿದಳು. ಅಮೀನಗಡದಲ್ಲಿ ಭೇಟಿಯಾಗೋಣ ಎಂದು ನೀನೇ ಕರೆದೆ. ಬಾಗಲಕೋಟೆಯ ಮದುವೆ ಮನೆಯಿಂದ ಬಂದಿದ್ದ ನಿನ್ನ ಬೆರಳ ತುದಿಗಳೆಲ್ಲ ಮೆಹಂದಿಯಿಂದ ಕಂದಿದ್ದವು. ಕರದಂಟಿನ ಅಂಗಡಿಯ ಬೆಂಚಿನ ಮೇಲೆ ಕೂತೆವು. ನೀನು ಹೆಸರಿನ ಮಾತೇ ಎತ್ತಲಿಲ್ಲ, ಅದೇ ನನ್ನನ್ನು ಈಗ ಸುಡುವುದು.

"ಅವರ ಗ್ರಹಾ ಮುಳುಗಿದ್ದು ಯಾಕ ತಗದಿ ಶೋಭಾ?"

"ಅವರ ಬ್ಯಾಡಂದ್ರು."

"ನೀ ಬೇಕು ಅಂದ್ಯಾ?"

ನಾನು ಕರದಂಟಿನ ಪೊಟ್ಟಣ ಬಿಚ್ಚತೊಡಗಿದೆ.

"ಕುಂಭೋರನ್ನ ಕೊಂದಿ. ಒಂದ ಮಾತು ನನ್ನ ಕೇಳಬೇಕಿತ್ತಿಲ್ಲೋ?"

ತಪ್ಪು ನನ್ನದೇ ಎಂದು ಗೊತ್ತಿತ್ತು. ಅದಕ್ಕೇ ಸಿಟ್ಟು ಬಂತು. "ನೀ ಬರೇ ಚಿತ್ರಾ ತಗದಿ ನಸ್ರೀನಾ. ಕಥಿ ನಂದು" ಎಂದುಬಿಟ್ಟೆ.

ನೀನು ನನ್ನ ಮುಖ ನೋಡಿದೆ. ಜಗಳಾಡಿದ್ದರೆ ಚೆನ್ನಾಗಿತ್ತು. ಇಳಕಲ್ಲಿನ ಬಸ್ಸು ಬಂತು. "ಬರ್ತೇನಿ" ಎಂದು ಎದ್ದು ಹೋದೆ. ಕಿಟಕಿಯ ಬಳಿಯೇ ಕೂತಿದ್ದರೂ ತಿರುಗಿ ನೋಡಲಿಲ್ಲ. ಅಥವಾ ನೋಡಿದೆಯೋ ಏನೋ, ನಾನೇ ತಲೆ ತಗ್ಗಿಸಿಕೊಂಡಿದ್ದೆ.

ನಿನಗೆ ಹುಷಾರಿಲ್ಲವೆಂದು ಯಾರೋ ಹೇಳಿದರು. ದವಾಖಾನೆಯಲ್ಲಿ ಇದ್ದೀಯೆಂದು ಇನ್ನಾರೋ ಹೇಳಿದರು. ರವಿವಾರ ಹೋದರಾಯಿತು ಎಂದುಕೊಂಡೆ. ಹೋಗಿ ಏನೆಂದು ಮಾತು ಶುರುಮಾಡಲಿ ಎಂದು ಯೋಚಿಸಿ, ನಿನಗೆ ಹೇಳುವ ಮಾತುಗಳನ್ನೂ ಜೋಡಿಸಿಟ್ಟಿದ್ದೆ. ಶುಕ್ರವಾರ ಮಧ್ಯಾಹ್ನ ಶಾಲೆಯಲ್ಲಿದ್ದಾಗ ಸುದ್ದಿ ಬಂತು. ನಾನು ಮುಟ್ಟುವುದರೊಳಗೆ ಮಣ್ಣು ಮಾಡುವುದು ಮುಗಿದಿತ್ತು. ಅಂಗಳದಲ್ಲಿ ಹೆಂಗಸರ ನಡುವೆ ಸ್ವಲ್ಪ ಹೊತ್ತು ಕೂತು, ಮುಸ್ಕಾನಳ ಎದುರು ನಿಲ್ಲಲಾರದೆ ಎದ್ದು ಬಂದೆ.

ಕಳೆದ ತಿಂಗಳು ಕಡೆಗೂ ಅವಳ ಬಳಿಗೆ ಹೋದೆ. ಒಂಬತ್ತನೆಯ ತರಗತಿ ಈಗ, ನಿನ್ನ ಹಾಗೇ ಎಡಗೈಯಲ್ಲಿ ಬರೆಯುತ್ತಾಳೆ. ಐವರೂ ನಿನ್ನವರು, ಕಥೆಯೂ ನಿನ್ನದು, ನಾನು ಸುಳ್ಳು ಹೇಳಿದ್ದೆ ಎಂದು ಅವಳಿಗೆ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಗೊತ್ತೈತ್ರಿ ಆಂಟಿ" ಎಂದಳು. "ಅಮ್ಮಿ ದವಾಖಾನ್ಯಾಗ ಮತ್ತ ಎಲ್ಲಾ ನೋಡಿದ್ಲು. ಕುಂಭೋರ ಸತ್ತಾಗ ನಾ ಅತ್ತೆ. 'ಅಳಬ್ಯಾಡ, ಶೋಭಾಗ ಅಂವನ್ನ ಸಾಯಾಕ ಬಿಡೂದು ಆಗೂದಿಲ್ಲ. ತಿರುಗಿ ತರ್ತಾಳ ನೋಡು' ಅಂದ್ಲರಿ."

ಅಷ್ಟು ನಂಬಿದ್ದೆಯಲ್ಲೇ. ನನಗೊಂದು ಫೋನು ಮಾಡಿ ಅದನ್ನೇ ಹೇಳಿದ್ದರೆ... ಬೇಡ ಬಿಡು. ಮಾಡಬೇಕಾದವಳು ನೀನಲ್ಲ.

ಮರುದಿನ ನನ್ನ ತರಗತಿಯಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೂ ಹೇಳಿದೆ. ಅವರಿಗೆ ನಾನು ಝರ್ಕದ ಐವರನ್ನು ಹುಟ್ಟಿಸಿದ ಟೀಚರ್. ಎರಡು ವರ್ಷ ಆ ಹೆಮ್ಮೆಯಲ್ಲಿ ಓಡಾಡಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಗಂಭೀರವಾಗಿ ಕೇಳಿದಳು, "ಹಂಗಾರ ಇದರಾಗ ಖಳನಾಯಕಿ ನೀವ ಏನ್ರಿ, ಟೀಚರ್?"

"ಹೌದವಾ" ಎಂದೆ. ಯಾರೂ ನಗಲಿಲ್ಲ.

ಕಂಪನಿಗೂ ಬರೆದೆ. ಎರಡನೆಯ ಭಾಗ ನಾನು ಬರೆಯಬೇಕಾದರೆ ಝರ್ಕ ಮುಳುಗಿದ ಕಥೆ ಮೊದಲು ಬರಬೇಕು, ಕುಂಭೋರ ಬದುಕಿ ಬರಬೇಕು, ನಿನ್ನ ಹೆಸರು ನನ್ನ ಹೆಸರಿಗಿಂತ ಮುಂಚೆ ಬರಬೇಕು ಎಂದೆ. ಕುಂಭೋರನಿಗೆ ಒಪ್ಪಿದರು. ಝರ್ಕದ ವಿಚಾರ ನೋಡೋಣ ಎಂದಿದ್ದಾರೆ. ಒಪ್ಪದಿದ್ದರೆ ನಾನು ಬರೆಯುವುದಿಲ್ಲ. ಹೆಸರನ್ನು ಮಾತ್ರ ಮೊನ್ನೆಯೇ, ಹಳೆಯ ಭಾಗಗಳಿಗೂ ಸೇರಿಸಿದ್ದಾರೆ. ಮುಸ್ಕಾನ್ ಫೋಟೋ ತೆಗೆದು ಕಳಿಸಿದಳು. "ಕಥೆ ಮತ್ತು ಖಳರ ಕಲ್ಪನೆ: ನಸರಿನ" ಎಂದಿದೆ.

ಕಾಗುಣಿತ ತಪ್ಪಾಗಿದೆ, ನಸ್ರೀನಾ. ಇವತ್ತು ಬೆಳಿಗ್ಗೆ ಮತ್ತೆ ಬರೆದಿದ್ದೇನೆ. ಸರಿಯಾಗುವ ತನಕ ಬರೆಯುತ್ತಿರುತ್ತೇನೆ.

ನಿನ್ನ
ಶೋಭಾ