ಬುಟ್ಟಿಯಲ್ಲಿ ಮೊಗ್ಗು

ಜೂನ್ ೧೯, ಬುಧವಾರ

ನನ್ನ ಮುದ್ದು ತಂಗಿಗೆ ಅಕ್ಕನ ನೆನಪುಗಳು.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಕೂತಿರುತ್ತೀಯ, ಗೊತ್ತು. ಕ್ಷಮಿಸು. ಸೋಮಾರಿತನವಲ್ಲ ಕಣೇ, ಬರೆದರೆ ನಿಜವಾಗಿಬಿಡುತ್ತದೇನೋ ಎಂಬ ಹೆದರಿಕೆ.

ಮೊದಲು ಹೂವಿನ ಸುದ್ದಿ. ನೀನು ಕೊಟ್ಟ ಡೇಲಿಲಿ ಬುಡ ಒತ್ತಾಗಿ ಬೆಳೆದಿತ್ತೆಂದು ಹೋದ ವರ್ಷ ಅಗೆದು, ಬೇರು ಬಿಡಿಸಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ ಗೋಡೆಯುದ್ದಕ್ಕೂ ನೆಟ್ಟಿದ್ದೆವು. ಈಗ ದಂಟುದಂಟಿಗೂ ಮೊಗ್ಗು. ಅರಳಿದ ಹೂವಿಗೆ ಒಂದೇ ದಿನದ ಆಯುಷ್ಯ. ಬಾಡಿದ್ದನ್ನು ಮರುದಿನ ಕೀಳದಿದ್ದರೆ ಕೊಳೆತು ಪಕ್ಕದ ಮೊಗ್ಗಿಗೆ ಅಂಟಿಕೊಳ್ಳುತ್ತದೆ. ಕೀಳುವ ಕೆಲಸ ನನ್ನದು ಮತ್ತು ನಿನ್ನ ಭಾವನದು.

ಕಷ್ಟ ಶುರುವಾದದ್ದೂ ಅಲ್ಲೇ. ಈಚೆಗೆ ಕಸದ ಗುಂಡಿಯಲ್ಲಿ ನಾಳೆ ಅರಳಬೇಕಾದ ಮೊಗ್ಗುಗಳು ಬಿದ್ದಿರುತ್ತವೆ, ಬಾಡಿದವು ದಂಟಿನಲ್ಲೇ ನೇತಾಡುತ್ತವೆ. ಸುರುಟಿಕೊಂಡ ಹೂ ನೋಡಲು ಮೊಗ್ಗಿನಂತೆಯೇ ಇರುತ್ತದೆ, ಒಪ್ಪುತ್ತೇನೆ. ಆದರೆ ಮುಟ್ಟಿದರೆ ಅದು ಪಿಚಕ್ಕನ್ನುತ್ತದೆ, ಮೊಗ್ಗು ಬಿಗಿಯಾಗಿರುತ್ತದೆ. ಮಗುವಿಗೂ ತಿಳಿಯುವ ವ್ಯತ್ಯಾಸ.

ಮೊದಲು ಬಸವನಹುಳುವಿನ ಮೇಲೆ ಅನುಮಾನ ಬಂತು, ಆಮೇಲೆ ಪಕ್ಕದ ಮನೆಯ ನರ್ಸಮ್ಮನ ಮೇಲೆ. ಕೊನೆಗೆ ಧೈರ್ಯ ಮಾಡಿ ಇವರನ್ನೇ ಕೇಳಿದೆ.

"ರೀ, ಮೊಗ್ಗು ಕೀಳ್ತಿರೋದು ನೀವೇನಾ?"

ಟೇಪನ್ನು ಕೊರಳಿಗೆ ಹಾಕಿಕೊಂಡು ಯಾರದೋ ಕೋಟಿನ ಬಟ್ಟೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಹೂಂ, ನಾನೇ. ಕಣ್ಣು ಮಂಜಾಗಿದೆ, ಬಿಡು" ಎಂದರು.

ಕಣ್ಣು ಮಂಜಂತೆ! ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ದರ್ಜಿಗೆ! ಕಣ್ಣಲ್ಲದಿದ್ದರೆ ತಲೆಯೇ ಇರಬೇಕಲ್ಲವೇ? ಅಮ್ಮನಿಗೂ ಇಂಥ ಸಣ್ಣದರಿಂದಲೇ ಶುರುವಾಗಿತ್ತು. ಕೊನೆಗೆ ನಮ್ಮಿಬ್ಬರನ್ನು ಬಾಡಿಗೆಗೆ ಮನೆ ಕೇಳಲು ಬಂದವರೆಂದುಕೊಂಡು ಬಾಗಿಲಲ್ಲೇ ನಿಲ್ಲಿಸಿದ್ದಳು. ಇವರೂ ಒಂದು ದಿನ ನನ್ನನ್ನು ಹಾಗೆ ನೋಡಿದರೆ ನಾನೇನು ಮಾಡಲಿ? ಡಾಕ್ಟರಿಗೆ ತೋರಿಸೋಣ ಎಂದರೆ, "ಆಯ್ತು, ಇಬ್ರೂ ತೋರಿಸ್ಕೊಳ್ಳೋಣ" ಎನ್ನುತ್ತಾರೆ. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ.

ನೀನು ಒಮ್ಮೆ ಬಾ. ಹೇಗಾದರೂ ಇವರನ್ನು ಒಪ್ಪಿಸು, ನಿನ್ನ ಮಾತೆಂದರೆ ಕೇಳುತ್ತಾರೆ. ಮಕ್ಕಳಿಗೆ ನನ್ನ ಆಶೀರ್ವಾದ. ನೀನು ನೂರು ಕಾಲ ತಣ್ಣಗೆ ಬಾಳು.

ಇತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ತೋಟಕ್ಕೆ ಹೋಗಿದ್ದೆ. ಇವರು ಬಚ್ಚಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದರು. ಬಾಡಿದ್ದನ್ನೆಲ್ಲ ಕಿತ್ತು ಮುಗಿಸಿ ಬುಟ್ಟಿ ನೋಡಿದರೆ, ಬರೀ ಬಿಗಿ ಮೊಗ್ಗು. ಅಲ್ಲೇ ನಿಂತುಬಿಟ್ಟೆ. ಕಿಟಕಿಯಿಂದ ನೋಡಿದರೇನೋ, ಅರ್ಧ ಮುಖದಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಇವರು ಓಡಿ ಬಂದರು. "ನಾನೇ ಕಣೇ, ಆಗ್ಲೇ ಕಿತ್ತು ನಿನ್ನ ಬುಟ್ಟಿಗೆ ಹಾಕಿ ಹೋದೆ" ಎಂದರು. ನಾನು ಯಾವತ್ತಿನ ಹಾಗೆ, "ಕಣ್ಣಿಲ್ವೇನ್ರೀ ನಿಮಗೆ?" ಎಂದು ಬೈದೆ. ಪಾಪ, ಎಷ್ಟು ಸಮಾಧಾನವಾಯಿತೋ, ನಕ್ಕುಬಿಟ್ಟರು.

ಭಯವಾಗುತ್ತಿದೆ ತಂಗೀ, ಬೇಗ ಬಾ. ನನಗೆ ಗೊತ್ತಾಯಿತೆಂದು ಮಾತ್ರ ಅವರಿಗೆ ಹೇಳಬೇಡ.