ಗಣಪಣ್ಣ ಬಂದರೆ ಕುಸುಮಕ್ಕ ಮಾಯ

ಅಂಕೋಲಾ
ರವಿವಾರ, 14 ಡಿಸೆಂಬರ್ 2025

ಪ್ರೀತಿಯ ಸಂದೇಶ ಅವರಿಗೆ,

ಸೊಂಟದ ನೋವು ಈಗ ಹೇಗಿದೆ? ಎಂಜಿನ್ ರೂಮಿನ ಸೆಕೆಯಿಂದ ಮೇಲೆ ಬಂದ ಕೂಡಲೇ ಐಸ್ ನೀರು ಕುಡಿಯುವ ಅಭ್ಯಾಸ ಬಿಟ್ಟಿದ್ದೀರೆಂದು ನಂಬಿದ್ದೇನೆ. ಬಿಟ್ಟಿಲ್ಲದಿದ್ದರೆ ಇನ್ನು ಮೇಲೆ ನನಗೆ ಸುದ್ದಿ ಮುಟ್ಟಿಸುವವರಿದ್ದಾರೆ. ಚಿತ್ತಾಕುಲದ ಪ್ರಕಾಶ ಕೊಲಂಬೊದಲ್ಲಿ ನಿಮ್ಮ ಹಡಗನ್ನೇ ಹತ್ತುತ್ತಾನಂತೆ, ಮೊನ್ನೆ ಕಾರವಾರದ ಪೇಟೆಯಲ್ಲಿ ಅವನ ತಾಯಿ ಸಿಕ್ಕಾಗ ಗೊತ್ತಾಯಿತು. ಅವನ ಕೈಯಲ್ಲಿ ಒಣ ಸಿಗಡಿ ಚಟ್ನಿಪುಡಿಯನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ಹಡಗಿನ ಫೋನಿನಲ್ಲಿ ಅರ್ಧ ಮಾತಿಗೇ ದನಿ ಕಡಿಯುತ್ತದೆ, ಮೇಲ್‌ನಲ್ಲಿ ಮೂರು ಸಾಲು ಬರೆಯುವಷ್ಟರಲ್ಲಿ ನಿಮ್ಮ ಪಾಳಿ ಮುಗಿದಿರುತ್ತದೆ. ಇದು ಮೂರು ಸಾಲಿನ ಸುದ್ದಿಯಲ್ಲ. ನಿಮ್ಮ ಆಯಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಾನು ಚೆನ್ನಾಗಿದ್ದೇನೆ. ನಮ್ಮ ದೋಣಿಯೂ ಉಳಿಯಿತು. ಅದು ಹೇಗೆ ಉಳಿಯಿತು ಎಂಬುದನ್ನೇ ಬರೆಯುತ್ತೇನೆ. ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದೂ ನಿಮ್ಮ ತಾಯಿ ಎಂಥವರೆಂದು ನನಗೆ ತಿಳಿದದ್ದು ಈ ನವೆಂಬರಿನಲ್ಲಿ.

ನೀವೂ ಆಯಿಯೂ ಕೂಡಿ ಆಡುತ್ತಿದ್ದ ಮಾನ್ಸೂನ್ ಫ್ಲೀಟ್ ಆಟದ ಸರ್ವರ್ ಮುಚ್ಚಿದ ದಿನ ನೀವು ಮನೆಯಲ್ಲೇ ಇದ್ದಿರಿ. ನಾಲ್ಕು ವರ್ಷವಾಯಿತು. ಮೊಬೈಲ್ ಪರದೆಯ ಮೇಲೆ ನಿಮ್ಮ ಐದು ಜನರ ದೋಣಿ ಬಂದರಿನಲ್ಲಿ ನಿಂತಿದ್ದಂತೆಯೇ ಎಲ್ಲ ಕಪ್ಪಾಯಿತು, ಆಯಿ ಕನ್ನಡಕ ತೆಗೆದಿಟ್ಟು ಅಕ್ಕಿ ಆರಿಸಲು ಕೂತರು. ಅದೇ ಆಟಕ್ಕೆ ಹೊಸ ಬಣ್ಣ, ಹೊಸ ಅಲೆ, ಹೊಸ ಮಳೆ ಕೊಟ್ಟು ರಿಮಾಸ್ಟರ್ ಎಂದು ನವೆಂಬರ್ ನಾಲ್ಕಕ್ಕೆ ಮತ್ತೆ ಬಿಟ್ಟರಲ್ಲ, ಅದರ ಷರತ್ತು ನಿಮಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ಹಳೆಯ ತಂಡದವರು ಮೂವತ್ತು ದಿನದೊಳಗೆ ಐದೂ ಜನ ಕೂಡಿ, ನಡುವೆ ಯಾರೂ ಬಿಟ್ಟುಹೋಗದೆ, ಒಂದು ಪೂರ್ತಿ ಯಾನ ಮುಗಿಸಬೇಕು. ಮುಗಿಸಿದರೆ ಹಳೆಯ ದೋಣಿ, ಹಳೆಯ ಬಾವುಟ ನಿಮ್ಮದೇ. ಇಲ್ಲದಿದ್ದರೆ ತಂಡ ಅಳಿಸಿಹೋಗುತ್ತದೆ, ಒಬ್ಬೊಬ್ಬರೂ ಗುರುತಿಲ್ಲದವರ ದೋಣಿಗಳಲ್ಲಿ ಹಂಚಿಹೋಗಬೇಕು. ಬರಲಾಗದವರ ಜಾಗಕ್ಕೆ ಬದಲಿ ಹೆಸರು ಕೊಡಬಹುದಿತ್ತು, ನಿಮ್ಮ ಜಾಗಕ್ಕೆ ಆಯಿ ನನ್ನನ್ನು ಕೂರಿಸಿದರು. ಆಯಿ, ಕಾರವಾರದ ಸಾಯಿನಾಥ, ಭಾವಿಕೇರಿಯ ಕುಸುಮಕ್ಕ, ನಾನು; ಚುಕ್ಕಾಣಿಗೆ ಎಂದಿನಂತೆ ಅಮದಳ್ಳಿಯ ಗಣಪಣ್ಣ.

ಮೊದಲ ನಾಲ್ಕು ದಿನ ಇಡೀ ಲೋಕಕ್ಕೇ ಒಂದೇ ಗೋಳು. ಆಟ ತೆರೆದರೆ ‘ನಿಮ್ಮ ಮುಂದೆ 4,312 ಮಂದಿ ಇದ್ದಾರೆ’ ಎಂದು ಬರುವುದು. ಒಂದೂವರೆ ತಾಸು ಕಾದು ಹನ್ನೆರಡನೆಯವಳಾಗಿ ನಿಂತಾಗ ಸರ್ವರ್ ಬಿದ್ದು ಮತ್ತೆ ಕೊನೆಗೆ ಹೋಗಿ ನಿಲ್ಲುವುದು. ನಾನು ಫೋನ್ ಎಸೆಯುವಷ್ಟು ಸಿಟ್ಟಾಗುತ್ತಿದ್ದೆ. ಆಯಿ ಮಾತ್ರ ಹಳೆಯ ಡೈರಿಯೊಂದನ್ನು ತೆರೆದು ಗೆರೆ ಎಳೆದು ಕೂತರು. ಹೆಸರು, ಒಳಗೆ ಹೋದ ಹೊತ್ತು, ಬಿದ್ದ ಹೊತ್ತು. ಎಂತಕ್ಕೆ ಆಯಿ ಎಂದರೆ, “ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ಕೂತವಳು ನಾನು. ಲೈನು ಎಲ್ಲಿ ಕಡೀತು ಅಂತ ತಿಳೀದೆ ಯಾರಿಗೂ ಬಯ್ಯೂಕೆ ಆಗೂದಿಲ್ಲ” ಎಂದರು.

ನಾಲ್ಕು ದಿನದ ಮೇಲೆ ಉಳಿದವರಿಗೆಲ್ಲ ಸರಿಯಾಯಿತು. ನಮಗೆ ಮಾತ್ರ ಆಗಲಿಲ್ಲ. ದೋಣಿ ಬಂದರು ಬಿಟ್ಟು ಹತ್ತು ನಿಮಿಷವಾಗಲಿಕ್ಕಿಲ್ಲ, ಗಣಪಣ್ಣ ಮಾಯ. ಚುಕ್ಕಾಣಿ ಹಿಡಿದವನೇ ಇಲ್ಲದಿದ್ದರೆ ದೋಣಿ ಬಂಡೆಗೆ ಬಡಿಯದೆ ಇನ್ನೇನಾಗಬೇಕು? ಕೆಲವೊಮ್ಮೆ ಕುಸುಮಕ್ಕ ಮಾಯ, ಆದರೆ ಅವರದು ಹಾಯಿ ಕೆಲಸ, ಯಾರೂ ಅಷ್ಟು ಗಮನಿಸುತ್ತಿರಲಿಲ್ಲ. ಕಂಪನಿಗೆ ಬರೆದರೆ ‘ನಿಮ್ಮ ಇಂಟರ್ನೆಟ್ ಪರೀಕ್ಷಿಸಿಕೊಳ್ಳಿ’ ಎಂದು ಯಂತ್ರದ ಉತ್ತರ. ಆರನೆಯ ಸಲ ದೋಣಿ ಮುಳುಗಿದಾಗ ಸಾಯಿನಾಥ ಹೆಡ್‌ಫೋನಿನಲ್ಲಿ ಎಲ್ಲರ ಕಿವಿಗೂ ಬೀಳುವಂತೆ, “ಅವ್ನಿಗೆ ಮನಸ್ಸಿಲ್ಲ. ಮಲಗಿದಲ್ಲೇ ಇರೂವವನಿಗೆ ಒಂದು ತಾಸು ಲಕ್ಷ್ಯ ಕೊಡೂಕೆ ಎಂತ ಕಷ್ಟ?” ಎಂದುಬಿಟ್ಟರು. ಗಣಪಣ್ಣ ಆ ಹೊತ್ತಿಗೆ ಮತ್ತೆ ಒಳಗೆ ಬಂದಿದ್ದರು, ಕೇಳಿಸಿಕೊಂಡರು. ಮರುದಿನ ಗುಂಪಿನಲ್ಲಿ ಒಂದೇ ಸಾಲು: ‘ನಂಗೆ ಈ ಆಟ ಬೇಜಾರು ಬಂತು. ಬೇರೆಯವರನ್ನ ನೋಡ್ಕಳಿ.’

ನೀವೇ ಅವರನ್ನು ಈ ದೋಣಿಗೆ ಕರೆತಂದದ್ದು. ಐಟಿಐನಲ್ಲಿ ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತಿದ್ದವರು, ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಸಾರ್ವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಎಂಟು ವರ್ಷವಾಯಿತು. ಮೊದಲ ವರ್ಷ ಯಾರೊಡನೆಯೂ ಮಾತಾಡದಿದ್ದವರ ಕೈಗೆ ನೀವು ಹಳೆಯ ಫೋನೊಂದನ್ನು ಕೊಟ್ಟು, ಚುಕ್ಕಾಣಿ ಹಿಡಿ ಎಂದಿರಿ. ಅವರು ಹಿಡಿದರು, ನಿಮಗಿಂತ ಚೆನ್ನಾಗಿ ಹಿಡಿದರು. ಬೇಜಾರು ಬಂತು ಎಂದು ಅವರು ಬರೆದದ್ದನ್ನು ಓದಿ ಆಯಿ ಫೋನ್ ಮೇಜಿನ ಮೇಲಿಟ್ಟು, “ಇದು ಸುಳ್ಳು” ಎಂದರು, ಅಷ್ಟೇ. ಆಮೇಲೆ ಡೈರಿ ತೆರೆದು ಬೆರಳಿಟ್ಟು ನನಗೆ ತೋರಿಸಿದರು. ಗಣಪಣ್ಣ ಒಳಗೆ ಬಂದ ಹೊತ್ತು 4.10, ಕುಸುಮಕ್ಕ ಬಿದ್ದ ಹೊತ್ತು 4.10. ಕುಸುಮಕ್ಕ ಮತ್ತೆ ಬಂದದ್ದು 4.16, ಗಣಪಣ್ಣ ಬಿದ್ದದ್ದು 4.16. ಪುಟ ತಿರುಗಿಸಿದಂತೆ ಹಾಗೇ, ಹತ್ತೊಂಬತ್ತು ಸಲ. ಗಣಪಣ್ಣ ಬಿಟ್ಟುಹೋದ ಮೇಲೆ ಕುಸುಮಕ್ಕ ಒಮ್ಮೆಯೂ ಬಿದ್ದಿರಲಿಲ್ಲ. ಸಾಯಿನಾಥ ಇದನ್ನೇ ಸಾಕ್ಷಿ ಮಾಡಿಕೊಂಡು, ತೊಂದರೆ ಎಲ್ಲ ಅವನದೇ ಎಂದು ಗುಂಪಿನಲ್ಲಿ ಬರೆದರು. ಆಯಿ ಉತ್ತರ ಬರೆಯಲಿಲ್ಲ. ಹದಿನಾರನೆಯ ತಾರೀಕು ರವಿವಾರ ಬೆಳಿಗ್ಗೆ ಸೀರೆ ಉಟ್ಟು, ಡೈರಿ ಚೀಲಕ್ಕೆ ಹಾಕಿ, ನಡಿ ಅಮದಳ್ಳಿಗೆ ಎಂದರು.

ಬಸ್ಸಿಳಿದು ಅವರ ಮನೆಗೆ ಹೋಗುವ ದಾರಿ ನಿಮಗೆ ಗೊತ್ತು. ಏರು ಹತ್ತುವಾಗ ಆಯಿ ಮೂರು ಕಡೆ ನಿಂತರು, ಒಮ್ಮೆಯೂ ಕಾಲು ನೋವೆನ್ನಲಿಲ್ಲ. ಗಣಪಣ್ಣನ ಹೆಂಡತಿ ಬೊಮ್ಮಿ ಅಂದು ಕೂಲಿಗೆ ಹೋಗಿರಲಿಲ್ಲ. ನಮ್ಮನ್ನು ಕಂಡು ಕೈ ಒರೆಸಿಕೊಂಡು ಬಂದವರು ಜಗಲಿಯಲ್ಲೇ ಮೆಲ್ಲಗೆ, “ಊಟ ಸಮಾ ಮಾಡೂದಿಲ್ಲ ಅಮ್ಮ. ಮೊಬೈಲು ಉಲ್ಟಾ ಮಾಡಿ ಇಡ್ತ್ರು, ಮುಟ್ಟೂದಿಲ್ಲ. ಎಂತ ಆಯ್ತು ಕೇಳಿದ್ರೆ ಗೋಡೆ ಬದಿಗೆ ತಿರುಗ್ತ್ರು” ಎಂದರು. ಆಯಿ ಒಳಗೆ ಹೋಗಿ ಮಂಚದ ತುದಿಗೆ ಕೂತು, ಕುಶಲ ಕೇಳದೆ ಸೀದಾ, “ಗಣಪ, ನೀ ಬಂದ್ರೆ ಕುಸುಮಾ ಬೀಳ್ತದೆ ಅಂತ ನಿಂಗೆ ಯಾವಾಗ ತಿಳೀತು?” ಎಂದು ಕೇಳಿದರು. ಗಣಪಣ್ಣ ಉಲ್ಟಾ ಇಟ್ಟಿದ್ದ ಫೋನನ್ನು ಕೈಗೆತ್ತಿಕೊಂಡರು. “ಮೂರನೇ ದಿನಕ್ಕೇ ತಿಳೀತು ಅಮ್ಮ” ಎಂದರು. “ಎಂತಕ್ಕೆ ಅಂತ ತಿಳೀಲಿಲ್ಲ. ನನ್ನ ಫೋನಿಗೇ ಎಂತದೋ ಆಗಿದೆ ಅಂತ ಮಾಡ್ದೆ. ನಾ ಇದ್ರೆ ದೋಣಿ ಮುಳುಗೂದೇ ಆದ್ರೆ, ನಾ ಇಳಿದ್ರೆ ನಿಮಗಾದ್ರೂ ಸಿಗ್ತದಲ್ಲ. ಆಟ ಬೇಜಾರು ಅನ್ನದಿದ್ರೆ ನೀವು ಬಿಡೂವವರಲ್ಲ.”

ನನಗೆ ಕಣ್ಣು ತುಂಬಿ ಬಂತು. ಆಯಿ ಮಾತ್ರ ಕನ್ನಡಕ ಏರಿಸಿಕೊಂಡು, ಸರಿ, ಈಗ ಇಬ್ಬರೂ ಕೂತು ನೋಡುವ ಎಂದರು. ಆಯಿಯ ಸಿಮ್ಮಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ, ಗಣಪಣ್ಣನ ಫೋನಿನ ಹಾಟ್‌ಸ್ಪಾಟ್ ಹಿಡಿದು ಆಟ ತೆರೆದರು. ಆಯಿ ಒಳಗೆ ಹೋದದ್ದೇ ತಡ, ಗಣಪಣ್ಣ ಹೊರಗೆ ಬಿದ್ದರು. “ನೋಡಿ, ನಾ ಹೋದೆ” ಎಂದರು ಸೋತ ದನಿಯಲ್ಲಿ. ಮತ್ತೆ ಬಾ ಎಂದರು ಆಯಿ. ಅವರು ಬಂದರು, ಈ ಸಲ ಆಯಿ ಹೊರಗೆ ಬಿದ್ದರು. ಮತ್ತೆ ಮಾಡಿಸಿದರು, ಮತ್ತೊಮ್ಮೆ ಮಾಡಿಸಿದರು. ನಾಲ್ಕನೆಯ ಸಲಕ್ಕೆ ಆಯಿಯ ಮುಖದಲ್ಲಿ ನಗು ಹರಡಿತು. ಅಂಥ ನಗುವನ್ನು ನಾನು ನೋಡಿಯೇ ಇರಲಿಲ್ಲ, ಇಪ್ಪತ್ತೈದು ವರ್ಷದ ಆಪರೇಟರ್ ಹುಡುಗಿ ಅಲ್ಲಿ ಕೂತ ಹಾಗಿತ್ತು. “ಬೋರ್ಡಿನ ಒಂದೇ ತೂತಿಗೆ ಇಬ್ಬರ ವೈರು ಚುಚ್ಚೂಕೆ ಹೊರಟಿದ್ದಾರೆ ಮಾರಾಯ. ಎರಡನೆಯದು ಹಾಕೂಕೆ ಮೊದಲನೆಯದು ಕಿತ್ತು ಒಗೀತಾರೆ. ನಿನ್ನ ಫೋನಿಗೆ ಎಂತದೂ ಆಗಲಿಲ್ಲ. ತಪ್ಪು ಎಕ್ಸ್‌ಚೇಂಜಿನದು” ಎಂದರು. ಆಮೇಲೆ ಓದಿ ತಿಳಿದುಕೊಂಡೆ, ವಿಷಯ ಅಷ್ಟೇ. ಒಂದೇ ಮೊಬೈಲ್ ಕಂಪನಿಯ ನೂರಾರು ಜನ ಹೊರಗಿನವರಿಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಾರೆ. ಹಳೆಯ ಆಟ ಅದನ್ನು ಲೆಕ್ಕಿಸುತ್ತಿರಲಿಲ್ಲ. ಹೊಸದರಲ್ಲಿ ಕಳ್ಳಾಟ ತಡೆಯಲೆಂದು ಒಂದು ವಿಳಾಸಕ್ಕೆ ಒಬ್ಬರೇ ಎಂದು ಬರೆದಿಟ್ಟಿದ್ದರು. ಗಣಪಣ್ಣನದೂ ಕುಸುಮಕ್ಕನದೂ ಒಂದೇ ಕಂಪನಿಯ ಸಿಮ್, ಉಳಿದ ಮೂವರದು ಬೇರೆ ಬೇರೆ.

ಬೊಮ್ಮಿ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದವರು ಒಳಗೆ ಹೋಗಿ ತಮ್ಮ ಫೋನ್ ತಂದು ಆಯಿಯ ಮುಂದೆ ಹಿಡಿದರು. “ನಂದು ಬೇರೆ ಸಿಮ್ಮು. ಆತದೊ ನೋಡಿ.” ಆಯಿತು. ಬೊಮ್ಮಿಯ ಹಾಟ್‌ಸ್ಪಾಟಿನಲ್ಲಿ ಗಣಪಣ್ಣ ಒಳಗೆ ಹೋದರು, ಭಾವಿಕೇರಿಗೆ ಫೋನ್ ಮಾಡಿ ಕೇಳಿದರೆ ಕುಸುಮಕ್ಕ ಇದ್ದಲ್ಲೇ ಇದ್ದರು. ನಮ್ಮ ಕೆಲಸ ಅಲ್ಲಿಗೆ ಮುಗಿಯಬಹುದಿತ್ತು. ಆಯಿ ಬಿಡಲಿಲ್ಲ. ಬೊಮ್ಮಿ ಕೆಲಸಕ್ಕೆ ಫೋನ್ ಒಯ್ದರೆ ಗಣಪ ಆಡುವುದು ಬೇಡವೇ, ನಮ್ಮ ಹಾಗೆ ಬೇರೆ ಎಷ್ಟು ದೋಣಿಗಳಲ್ಲಿ ಎಷ್ಟು ಜನ ಬೈಸಿಕೊಳ್ಳುತ್ತಿರಬಹುದು, ಎಂದು ದಾರಿಯುದ್ದಕ್ಕೂ ಅದೇ ಮಾತು. ಮನೆಗೆ ಬಂದು ಅವರು ಹೇಳಿದ್ದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಬರೆದೆ. ಎರಡು ಸಲ ಅದೇ ಯಂತ್ರದ ಉತ್ತರ ಬಂತು. ಮೂರನೆಯ ಸಲ ಆಯಿ ಡೈರಿಯ ಒಂಬತ್ತು ಪುಟಗಳ ಫೋಟೊ ತೆಗೆಸಿ ಸೇರಿಸಿದರು, ಅಂಕಿಗೆ ಭಾಷೆ ಬೇಡ ಎಂದರು. ಇಪ್ಪತ್ತನಾಲ್ಕಕ್ಕೆ ಮನುಷ್ಯರೇ ಬರೆದ ಉತ್ತರ ಬಂತು. ಈ ಪಟ್ಟಿ ಮಾಡಿದವರು ಯಾವ ಕಂಪನಿಯ ಎಂಜಿನಿಯರ್ ಎಂದು ಕೇಳಿದ್ದರು. ಏನು ಬರೆಯಲಿ ಎಂದು ಆಯಿಯನ್ನು ಕೇಳಿದೆ. “ಆಪರೇಟರ್, ಕಾರವಾರ ಅಂತ ಬರಿ” ಎಂದರು. ಇಪ್ಪತ್ತೆಂಟಕ್ಕೆ ಆಟದ ಹೊಸ ತಿದ್ದುಪಡಿ ಬಂತು. ಉದ್ದ ಪಟ್ಟಿಯ ನಡುವೆ, ಒಂದೇ ವಿಳಾಸದವರನ್ನು ಹೊರಹಾಕುತ್ತಿದ್ದ ದೋಷ ಸರಿಪಡಿಸಲಾಗಿದೆ ಎಂದು ಒಂದು ಸಾಲು. ಯಾರ ಹೆಸರೂ ಇರಲಿಲ್ಲ. ಆಯಿ ಅದನ್ನು ಎರಡು ಸಲ ಓದಿಸಿಕೊಂಡು ಬಂಗಡೆ ಮೀನು ತೊಳೆಯಲು ಎದ್ದರು.

ಸಾಯಿನಾಥ ಕೆಟ್ಟವರಲ್ಲ. ಮರುದಿನ ಬ್ಯಾಂಕಿನ ಕೆಲಸ ಮುಗಿಸಿ ಸ್ಕೂಟರಿನಲ್ಲಿ ತಾವೇ ಅಮದಳ್ಳಿಗೆ ಹೋಗಿ ಬಂದರಂತೆ, ಅಲ್ಲಿ ಏನು ಮಾತಾಯಿತೆಂದು ಇಬ್ಬರೂ ಹೇಳಲಿಲ್ಲ. ಮೂವತ್ತರ ರವಿವಾರ ಮಧ್ಯಾಹ್ನ ಐವರೂ ಕೂತೆವು. ಗಣಪಣ್ಣ ತಮ್ಮದೇ ಫೋನಿನಿಂದ, ತಮ್ಮದೇ ಸಿಮ್ಮಿನಿಂದ ಬಂದರು. ಕುಸುಮಕ್ಕ ಇದ್ದೇನೆ, ಇದ್ದೇನೆ ಎಂದು ಕೇಳದೆಯೇ ನಾಲ್ಕು ಸಲ ಹೇಳಿದರು. ನಲವತ್ತೆರಡು ನಿಮಿಷದ ಯಾನ. ಕೊನೆಯ ಹತ್ತು ನಿಮಿಷ ಬಿರುಗಾಳಿ, ಹೊಸ ಬಣ್ಣದಲ್ಲಿ ಆ ಅಲೆಗಳನ್ನೇ ನೋಡುತ್ತ ನಾನು ಹಗ್ಗ ತಪ್ಪಿಸಿದೆ. ಗಣಪಣ್ಣ ಮಾತ್ರ, “ವೈನಿ, ಎಡಕ್ಕೆ ಎಳೀರಿ, ಗಡಿಬಿಡಿ ಇಲ್ಲ” ಎಂದು ಮನೆಯಂಗಳದಲ್ಲಿ ನಿಂತು ದಾರಿ ಹೇಳುವವರ ಹಾಗೆ ಹೇಳುತ್ತ ಎರಡು ಬಂಡೆಗಳ ನಡುವಿನಿಂದ ದೋಣಿಯನ್ನು ಪಾರು ಮಾಡಿದರು. ಬಂದರು ಮುಟ್ಟಿ ಹಳೆಯ ಬಾವುಟ ಮೇಲೇರಿತು. ಗಣಪಣ್ಣನ ಕಡೆಯಿಂದ ಬೊಮ್ಮಿಯ ದನಿ ಕೇಳಿಸಿತು, “ಮುಗೀತೊ? ಹಂಗಾರೆ ಊಟ ಮಾಡಿ.” ಗಣಪಣ್ಣ ಬೆಳಿಗ್ಗೆಯಿಂದ ಉಂಡಿರಲಿಲ್ಲವಂತೆ.

ನಿಮ್ಮ ತಾಯಿಯ ಹೊಗಳಿಕೆ ಹೆಚ್ಚಾಯಿತೆಂದು ಕಂಡರೆ ಹಾಗೇ ಇರಲಿ. ಸೊಸೆಯ ಕೈಯಿಂದ ಇಷ್ಟು ಬಂದದ್ದು ಅಪರೂಪವೆಂದು ಇಟ್ಟುಕೊಳ್ಳಿ. ನನಗೆ ಈಗಲೂ ಬೆರಗೆನಿಸುವುದು ಅವರು ದೋಷ ಹುಡುಕಿದ್ದಲ್ಲ. ಎಲ್ಲರ ಬೆರಳು ಒಬ್ಬನ ಕಡೆ ತಿರುಗಿದ್ದಾಗ ಅವರು ಹನ್ನೆರಡು ದಿನ ಬಾಯಿ ಮುಚ್ಚಿಕೊಂಡು ಹೊತ್ತು ಬರೆದುಕೊಂಡದ್ದು. ಆಯಿ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಕಿವಿಗೆ ಎಣ್ಣೆ ಬಿಟ್ಟುಕೊಳ್ಳಬೇಕಂತೆ, ಎಂಜಿನ್ ಸದ್ದಿಗೆ ಕಿವಿ ಮಂದವಾಗುತ್ತದಂತೆ. ನಾನಂತೂ ದಿನಾ ಸಂಜೆ ಸಮುದ್ರದ ಕಡೆ ನೋಡುತ್ತೇನೆಂದು ಬರೆಯುವುದಿಲ್ಲ, ಆ ಹೊತ್ತಿಗೆ ದೋಣಿಯಲ್ಲಿ ಹಗ್ಗ ಎಳೆಯುವ ಕೆಲಸವಿರುತ್ತದೆ. ಆದರೂ ಬೇಗ ಬನ್ನಿ, ನಿಮ್ಮ ಜಾಗ ಬಿಟ್ಟುಕೊಡುತ್ತೇನೋ ಇಲ್ಲವೋ ಆಗ ನೋಡುವ.

ನಿಮ್ಮ,
ರಂಜನಾ

ತಾ.ಕ.: ಪ್ರಕಾಶ ಗೇಟಿನಲ್ಲಿ ನಿಂತಿದ್ದಾನೆ, ರಿಕ್ಷಾ ಕಾಯುತ್ತಿದೆ. ಮೇಲೆ ಬರೆಯಲು ಮನಸ್ಸಾಗದ್ದು ಇದು. ನವೆಂಬರ್ ಹದಿನಾಲ್ಕಕ್ಕೆ ನೀವು ನನಗೆ ಕಳಿಸಿದ ಮೇಲ್, ‘ಗಣಪನನ್ನು ನೆಚ್ಚಿ ಕೂತರೆ ದೋಣಿ ಹೋಗುತ್ತದೆ, ಬೇರೆಯವರನ್ನು ಸೇರಿಸಿ’ ಎಂದು ಬರೆದದ್ದು, ಅದನ್ನು ನಾನು ಆಯಿಗೂ ತೋರಿಸಿಲ್ಲ, ಯಾರಿಗೂ ತೋರಿಸಿಲ್ಲ. ದೂರದಲ್ಲಿದ್ದಿರಿ, ಸಾಯಿನಾಥ ಹೇಳಿದ್ದನ್ನೇ ನಂಬಿದಿರಿ, ನನಗೆ ಸಿಟ್ಟಿಲ್ಲ. ಆದರೆ ಅಮದಳ್ಳಿಯಲ್ಲಿ ಆಯಿ ಕಾಲು ತೊಳೆಯಲು ಹೊರಗೆ ಹೋದಾಗ ಗಣಪಣ್ಣ ನನ್ನನ್ನು ಕೇಳಿದರು, “ವೈನಿ, ಸಂದೇಶ ಎಂತ ಹೇಳ್ದ?” ನಾನು, “ಗಣಪ ಬರುವವರೆಗೆ ದೋಣಿ ಬಿಡಬೇಡಿ ಅಂದಿದ್ದಾರೆ” ಎಂದೆ. ಅವರು ಮುಖ ಆಚೆ ತಿರುಗಿಸಿ, “ಅವ ಹಂಗೇ ಹೇಳೂವವ” ಎಂದರು. ಕೊಲಂಬೊದಲ್ಲಿ ಫೋನ್ ಸಿಕ್ಕ ಕೂಡಲೇ ನನಗಿಂತ ಮೊದಲು ಅವರಿಗೆ ಮಾಡಿ. ನಂಬರ್ ಕವರಿನ ಹಿಂದೆ ಬರೆದಿದ್ದೇನೆ.